ನಿಂಬೆಯ ನೊರೆ, ರಾಸ್ಪ್‌ಬೆರಿಯ ಕೆಂಪು

ವಾರ್ಷಿಕ ಪರೀಕ್ಷೆ ಮುಗಿದ ಮರುದಿನದಿಂದ ಮನೆಯ ಫ್ರಿಜ್ಜಿಗೆ ಬಿಡುವೆಂಬುದು ಇರುವುದಿಲ್ಲ. ಒಳಗೆ ಹೊಸದಾಗಿ ಏನೂ ಹುಟ್ಟಿಕೊಂಡಿಲ್ಲವೆಂದು ಗೊತ್ತಿದ್ದರೂ ಮಕ್ಕಳು ಗಂಟೆಗೆ ನಾಲ್ಕು ಸಲ ಬಾಗಿಲು ತೆಗೆದು ಇಣುಕುತ್ತಾರೆ, ನಿಟ್ಟುಸಿರು ಬಿಟ್ಟು ಮುಚ್ಚುತ್ತಾರೆ. ಈ ವಾರ ಆ ಫ್ರಿಜ್ಜಿಗೂ ಮಕ್ಕಳಿಗೂ ಒಂದು ಕೆಲಸ ಹಚ್ಚೋಣ. ನಿಂಬೆಹಣ್ಣಿನ ಮೂಸ್, ಅದರ ಮೇಲೆ ರಾಸ್ಪ್‌ಬೆರಿ ರಸ. ಒಲೆಯ ಮುಂದೆ ನಿಲ್ಲಬೇಕಾದದ್ದು ಹತ್ತು ನಿಮಿಷ ಮಾತ್ರ. ಉಳಿದದ್ದೆಲ್ಲ ತಣ್ಣನೆಯ ಕೆಲಸ. ಎಂಟನೆಯ ತರಗತಿ ದಾಟಿದ ಹುಡುಗಿಯಾಗಲಿ ಹುಡುಗನಾಗಲಿ ಸ್ವತಃ ಮಾಡಬಹುದು. ಹುಡುಗನಾಗಲಿ ಎಂಬ ಮಾತನ್ನು ಬೇಕೆಂದೇ ಬರೆದಿದ್ದೇನೆ. ಅಮ್ಮಂದಿರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ನೋಡುತ್ತಿದ್ದರೆ ಸಾಕು, ಕೈ ಹಾಕುವುದು ಬೇಡ.

ಮೂಸ್ ಎಂಬುದು ಫ್ರೆಂಚ್ ಮಾತು. ಅದರ ಅರ್ಥ ಬೇರೇನೂ ಅಲ್ಲ, ನೊರೆ. ಹಾಲು ಕರೆಯುವಾಗ ತಂಬಿಗೆಯಲ್ಲಿ ಏಳುವ ನೊರೆ, ಫಿಲ್ಟರ್ ಕಾಫಿಯನ್ನು ಎತ್ತಿ ಹೊಯ್ದಾಗ ಏಳುವ ನೊರೆ ಎರಡು ನಿಮಿಷದಲ್ಲಿ ಕುಸಿದುಹೋಗುತ್ತದೆ. ಹಾಗೆ ಕುಸಿಯದಂತೆ ಗಾಳಿಯ ಗುಳ್ಳೆಗಳನ್ನು ಹಿಡಿದು ನಿಲ್ಲಿಸಿದರೆ ಅದೇ ಮೂಸ್. ಹಿಡಿದು ನಿಲ್ಲಿಸುವುದು ಹೇಗೆ ಎಂಬುದರಲ್ಲೇ ಇಡೀ ವಿದ್ಯೆ ಇದೆ. ಫ್ರೆಂಚರ ಹಳೆಯ ಪದ್ಧತಿಯಲ್ಲಿ ಹಸಿ ಮೊಟ್ಟೆಯ ಬಿಳಿಭಾಗವನ್ನು ಕಡೆದು ಸೇರಿಸುತ್ತಾರೆ. ಹೋಟೆಲು, ಬೇಕರಿಗಳಲ್ಲಿ ಅನೇಕ ಕಡೆ ಜೆಲಟಿನ್ ಹಾಕುತ್ತಾರೆ. ನಮ್ಮ ಮನೆಗಳಲ್ಲಿ ಎರಡಕ್ಕೂ ತಕರಾರು ಉಂಟು, ಮತ್ತು ಆ ತಕರಾರು ಸಕಾರಣವಾದದ್ದೇ.

ಮೊದಲು ಮೊಟ್ಟೆಯ ಮಾತು. ಮೊಟ್ಟೆ ತಿನ್ನುವವರ ಮನೆಯಲ್ಲೂ ಹಸಿ ಮೊಟ್ಟೆ ಒಳ್ಳೆಯದಲ್ಲ. ಸಾಲ್ಮೊನೆಲ್ಲ ಎಂಬ ಬ್ಯಾಕ್ಟೀರಿಯ ಅದರಲ್ಲಿ ಇರಬಹುದು. ಬೇಯಿಸಿದರೆ ಸಾಯುತ್ತದೆ, ಫ್ರಿಜ್ಜಿನಲ್ಲಿ ಇಟ್ಟ ಮಾತ್ರಕ್ಕೆ ಸಾಯುವುದಿಲ್ಲ. ಚಿಕ್ಕ ಮಕ್ಕಳು, ವಯಸ್ಸಾದವರು, ಬಸುರಿಯರು ಇರುವ ಮನೆಯಲ್ಲಂತೂ ಅದರ ಗೊಡವೆಯೇ ಬೇಡ.

ಇನ್ನು ಜೆಲಟಿನ್. ನೋಡಲು ಸಕ್ಕರೆಯ ಪುಡಿಯಂತೆಯೋ ಗಾಜಿನ ತೆಳು ಹಾಳೆಯಂತೆಯೋ ಇರುವ ಇದು ಬರುವುದು ದನ, ಹಂದಿ ಮುಂತಾದ ಪ್ರಾಣಿಗಳ ಚರ್ಮ ಮತ್ತು ಮೂಳೆಗಳಿಂದ. ಅವುಗಳಲ್ಲಿರುವ ಕೊಲಾಜೆನ್ ಎಂಬ ಪ್ರೋಟೀನನ್ನು ನೀರಿನಲ್ಲಿ ಕಾಯಿಸಿ ಬಿಡಿಸಿದರೆ ಜೆಲಟಿನ್. ಬರೀ ತರಕಾರಿ ತಿನ್ನುವವರಿಗೆ ಮಾತ್ರವಲ್ಲ, ಯಾವ ಪ್ರಾಣಿಯದೆಂದು ತಿಳಿಯದೆ ಮುಟ್ಟದ ಮುಸಲ್ಮಾನರ ಮನೆಗಳಿಗೂ ಇದು ಪ್ರಶ್ನೆಯೇ. ಹುಟ್ಟುಹಬ್ಬಕ್ಕೆ ಹತ್ತು ಮನೆಯ ಮಕ್ಕಳನ್ನು ಕರೆಯುವಾಗ ಬಟ್ಟಲಿನಲ್ಲಿ ಏನಿದೆ ಎಂದು ನಮಗೆ ಗೊತ್ತಿರಬೇಕು. ನಮ್ಮಲ್ಲಿ ಪೊಟ್ಟಣದ ಮೇಲೆ ಚೌಕದೊಳಗೆ ಹಸಿರು ಚುಕ್ಕೆ ಇದ್ದರೆ ಸಸ್ಯಾಹಾರ. ಮಾಂಸಾಹಾರದ ಗುರುತು ಮೊದಲು ಕಂದು ಚುಕ್ಕೆಯಾಗಿತ್ತು. 2020ರ ನಿಯಮಗಳಲ್ಲಿ ಅದನ್ನು ಕಂದು ತ್ರಿಕೋನವಾಗಿ ಬದಲಿಸಿದರು, ಬಣ್ಣ ಗುರುತಿಸಲಾಗದವರಿಗೂ ಆಕಾರ ನೋಡಿ ತಿಳಿಯಲಿ ಎಂದು. ಪೊಟ್ಟಣವಿಲ್ಲದೆ ಬಿಡಿಯಾಗಿ ಮಾರುವ ಬೇಕರಿಯ ಮೂಸ್‌ಗೆ ಗುರುತು ಎಲ್ಲಿಂದ ಬರಬೇಕು? ಅಲ್ಲಿ ಬಾಯಿಬಿಟ್ಟು ಕೇಳುವುದೊಂದೇ ದಾರಿ. ಕೇಳಲು ಸಂಕೋಚ ಬೇಡ.

ನಮ್ಮ ಮೂಸ್‌ಗೆ ಇವೆರಡೂ ಬೇಡ. ಕಂಡೆನ್ಸ್‌ಡ್ ಮಿಲ್ಕ್ ಮತ್ತು ನಿಂಬೆರಸ ಸೇರಿ ತಮ್ಮಷ್ಟಕ್ಕೆ ತಾವೇ ಗಟ್ಟಿಯಾಗುತ್ತವೆ. ಇದು ಮೊದಲ ಸಲ ನೋಡಿದವರಿಗೆ ಮಾಟದಂತೆ ಕಾಣುತ್ತದೆ. ಹಾಲಿಗೆ ನಿಂಬೆ ಹಿಂಡಿದರೆ ಒಡೆಯುತ್ತದೆ, ಪನೀರು ಒಂದು ಕಡೆ, ನೀರು ಒಂದು ಕಡೆ. ಹಾಗಾದರೆ ಇದೇಕೆ ಒಡೆಯುವುದಿಲ್ಲ? ಹಾಲಿನಲ್ಲಿರುವ ಕೇಸಿನ್ ಎಂಬ ಪ್ರೋಟೀನು ಹುಳಿ ಬಿದ್ದೊಡನೆ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ನೀರೇ ಹೆಚ್ಚಾಗಿರುವ ಹಾಲಿನಲ್ಲಿ ಅದು ಗಂಟುಗಂಟಾಗಿ ಬೇರೆಯಾಗುತ್ತದೆ. ಕಂಡೆನ್ಸ್‌ಡ್ ಮಿಲ್ಕ್‌ನಲ್ಲಿ ನೀರಿನ ಬಹುಪಾಲು ಆವಿಯಾಗಿ ಹೋಗಿದೆ, ನೂರು ಗ್ರಾಮಿನಲ್ಲಿ 40 ಗ್ರಾಮಿಗೂ ಮೇಲ್ಪಟ್ಟು ಸಕ್ಕರೆಯೇ ಇದೆ. ಆ ಮಂದವಾದ ಪಾಕದಲ್ಲಿ ಪ್ರೋಟೀನಿಗೆ ಓಡಾಡಿ ಗಂಟು ಕಟ್ಟಲು ಎಡೆ ಸಿಗುವುದಿಲ್ಲ. ಇದ್ದಲ್ಲೇ ನೆರೆಹೊರೆಯ ಕೈ ಹಿಡಿದು ನುಣ್ಣನೆಯ ಬಲೆಯಾಗುತ್ತದೆ. ನೀರೂ ಅದರೊಳಗೇ ಉಳಿಯುತ್ತದೆ. ಪನೀರಿಗೂ ಇದಕ್ಕೂ ಕಾರಣ ಒಂದೇ, ಫಲ ಬೇರೆ.

ಈ ಗುಣವನ್ನು ಹಿಡಿದುಕೊಂಡು ಹೆಸರಾದವರು ಅಮೆರಿಕದ ಫ್ಲಾರಿಡಾದ ದಕ್ಷಿಣ ತುದಿಯಲ್ಲಿರುವ ಕೀ ದ್ವೀಪಗಳ ಜನ. ಅಲ್ಲಿ ದನ ಕಟ್ಟಲು ಹುಲ್ಲುಗಾವಲಿರಲಿಲ್ಲ, ಹಾಲು ಕೆಡದಂತೆ ತರಲು ಮಂಜುಗಡ್ಡೆಯ ಅನುಕೂಲವೂ ಕಡಿಮೆ. 1856ರಲ್ಲಿ ಗೇಲ್ ಬೋರ್ಡೆನ್ ಎಂಬಾತ ಹಾಲನ್ನು ಮಂದಗೊಳಿಸುವ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ ಡಬ್ಬದ ಹಾಲು ದೊರೆಯತೊಡಗಿತು. ಹಿತ್ತಲಿನ ನಿಂಬೆ, ಡಬ್ಬದ ಹಾಲು ಸೇರಿ ‘ಕೀ ಲೈಮ್ ಪೈ’ ಆಯಿತು. 2006ರಲ್ಲಿ ಅದು ಫ್ಲಾರಿಡಾ ರಾಜ್ಯದ ಅಧಿಕೃತ ಪೈ ಎನ್ನಿಸಿಕೊಂಡಿತು. ಆ ಕೀ ಲೈಮ್ ಯಾವುದು ಗೊತ್ತೇ? ನಮ್ಮ ಸಂತೆಯಲ್ಲಿ ರಾಶಿ ಹಾಕಿ ಮಾರುವ, ವಿಜಯಪುರ ಜಿಲ್ಲೆಯ ಇಂಡಿಯ ಕಡೆ ತೋಟ ತೋಟವೇ ಬೆಳೆಯುವ ಅದೇ ತೆಳುಸಿಪ್ಪೆಯ ದುಂಡು ನಿಂಬೆ. ಏಷ್ಯಾದಲ್ಲಿ ಹುಟ್ಟಿ, ಅರಬರ ಕೈಯಿಂದ ಮೆಡಿಟರೇನಿಯನ್ ತೀರಕ್ಕೆ, ಸ್ಪೇನಿನವರ ಹಡಗಿನಲ್ಲಿ ಅಮೆರಿಕಕ್ಕೆ ಹೋದ ಹಣ್ಣು.

ಇಂಗ್ಲಿಷ್ ಅಡುಗೆ ಪುಸ್ತಕಗಳಲ್ಲಿ ‘ಲೆಮನ್’ ಎಂದಿರುವುದು ಬೇರೆ ಹಣ್ಣು. ಅದು ಮೊಟ್ಟೆಯಾಕಾರದ, ದಪ್ಪ ಸಿಪ್ಪೆಯ, ಗಾತ್ರದಲ್ಲಿ ದೊಡ್ಡದಾದ ಹಳದಿ ಹಣ್ಣು. ಹುಳಿ ನಮ್ಮದಕ್ಕಿಂತ ಸ್ವಲ್ಪ ಮೆತ್ತಗೆ. ಆ ಪುಸ್ತಕ ನೋಡಿ ‘ಎರಡು ಲೆಮನ್’ ಎಂದಿದ್ದಲ್ಲಿ ನಮ್ಮ ನಿಂಬೆ ಎರಡೇ ಹಾಕಿದರೆ ರಸ ಸಾಲದು. ಆದ್ದರಿಂದ ಹಣ್ಣು ಎಣಿಸಬೇಡಿ, ರಸ ಅಳೆಯಿರಿ.

ಬೇಕಾಗುವ ಸಾಮಾನು ಹೀಗಿದೆ, ಆರು ಪುಟ್ಟ ಬಟ್ಟಲಿಗೆ: ಕಂಡೆನ್ಸ್‌ಡ್ ಮಿಲ್ಕ್ 200 ಗ್ರಾಂ, ನಿಂಬೆರಸ 60 ಮಿಲಿಲೀಟರ್ ಅಂದರೆ ನಾಲ್ಕು ದೊಡ್ಡ ಚಮಚ, ಎರಡು ನಿಂಬೆಹಣ್ಣಿನ ಮೇಲುಸಿಪ್ಪೆಯ ತುರಿ, ಕಡೆಯುವ ಕ್ರೀಮು 200 ಮಿಲಿಲೀಟರ್, ಚಿಟಿಕೆ ಉಪ್ಪು. ರಸಕ್ಕೆ ರಾಸ್ಪ್‌ಬೆರಿ 200 ಗ್ರಾಂ, ಸಕ್ಕರೆ ಮೂರು ದೊಡ್ಡ ಚಮಚ, ನಿಂಬೆರಸ ಒಂದು ಚಿಕ್ಕ ಚಮಚ. ಮೂಸ್‌ಗೆ ಬೇರೆ ಸಕ್ಕರೆ ಬೇಡ, ಡಬ್ಬದಲ್ಲಿರುವುದೇ ಧಾರಾಳ.

ರಾಸ್ಪ್‌ಬೆರಿ ಎಲ್ಲಿಂದ ತರುವುದು? ಮಹಾಬಲೇಶ್ವರ, ಪಂಚಗನಿ ಕಡೆ ಸ್ಟ್ರಾಬೆರಿಯ ಜೊತೆಗೆ ಇದನ್ನೂ ಬೆಳೆಯುತ್ತಾರೆ. ನಗರಗಳ ದೊಡ್ಡ ಅಂಗಡಿಗಳಲ್ಲಿ ಹೆಪ್ಪುಗಟ್ಟಿಸಿದ ಹಣ್ಣು ಚೀಲದಲ್ಲಿ ಸಿಗುತ್ತದೆ. ಅರೆದು ಸೋಸುವ ಕೆಲಸಕ್ಕೆ ಅದೇ ಸಾಕು. ತಾಜಾ ಹಣ್ಣಿಗೆ ಅಷ್ಟು ದುಡ್ಡು ಸುರಿಯುವ ಅಗತ್ಯ ನನಗೆ ಕಾಣುವುದಿಲ್ಲ. ಎರಡೂ ಸಿಗದ ಊರಿನಲ್ಲಿ ಸ್ಟ್ರಾಬೆರಿಯೋ, ರೇಷ್ಮೆ ಬೆಳೆಯುವ ಕಡೆಯಾದರೆ ಗಿಡದಲ್ಲೇ ಕಪ್ಪಾದ ಹಿಪ್ಪುನೇರಳೆ ಹಣ್ಣೋ ಆಗುತ್ತದೆ. ಹಿಪ್ಪುನೇರಳೆಗೆ ಹುಳಿ ಕಡಿಮೆ, ನಿಂಬೆರಸ ಇನ್ನೊಂದು ಚಮಚ ಹೆಚ್ಚು ಹಾಕಿ. ಔಷಧಿ ಹೊಡೆದ ಗಿಡದ್ದಲ್ಲವೆಂದು ಮಾತ್ರ ವಿಚಾರಿಸಿಕೊಳ್ಳಿ.

ಅಂದಹಾಗೆ ‘ಮೈಸೂರು ರಾಸ್ಪ್‌ಬೆರಿ’ ಎಂಬ ಹಣ್ಣೇ ಇದೆ. ಮೈಸೂರಿನವರಲ್ಲೇ ಅನೇಕರಿಗೆ ಇದು ಗೊತ್ತಿಲ್ಲ. ಸಸ್ಯಶಾಸ್ತ್ರದಲ್ಲಿ ಇದು ರೂಬಸ್ ನೀವಿಯಸ್. ಪಶ್ಚಿಮ ಘಟ್ಟದ ಎತ್ತರದ ಜಾಗಗಳಿಂದ ಹಿಡಿದು ಹಿಮಾಲಯ, ಚೀನಾದವರೆಗೆ ತಾನಾಗಿ ಬೆಳೆಯುವ ಮುಳ್ಳುಪೊದೆ. ಎಲೆಯ ಅಡಿಭಾಗ ಬೆಳ್ಳಗೆ ಇರುತ್ತದೆ; ನೀವಿಯಸ್ ಎಂದರೆ ಲ್ಯಾಟಿನ್ನಿನಲ್ಲಿ ಹಿಮದಂಥದು ಎಂದೇ ಅರ್ಥ. ಹಣ್ಣು ಮೊದಲು ಕೆಂಪು, ಮಾಗಿದಾಗ ಕಡು ನೇರಳೆ. ರುಚಿಗೆಂದು ಬೇರೆ ಬೇರೆ ದೇಶಗಳಿಗೆ ಒಯ್ದರು. ಗಾಲಾಪಗೋಸ್ ದ್ವೀಪಗಳಿಗೂ ಹೋಯಿತು. 1835ರಲ್ಲಿ ಡಾರ್ವಿನ್ ಹೋಗಿ ಹಕ್ಕಿಗಳನ್ನು ನೋಡಿದ ಅದೇ ದ್ವೀಪಗಳು. ಅಲ್ಲಿ ಹಕ್ಕಿಗಳು ಹಣ್ಣು ತಿಂದು ಬೀಜ ಹರಡಿ, ಈಗ ಅದು ಅಲ್ಲಿನ ಮೂಲ ಗಿಡಮರಗಳನ್ನು ಮುಚ್ಚಿ ಹಾಕುವ ದೊಡ್ಡ ಕಳೆ. ಲಂಟಾನ ನಮ್ಮ ಕಾಡಿಗೆ ಬಂದು ಮಾಡಿದ್ದನ್ನು ನಮ್ಮ ಕಡೆಯ ಗಿಡ ಅಲ್ಲಿಗೆ ಹೋಗಿ ಮಾಡಿದೆ. ಇದನ್ನು ಓದಿ ಮಕ್ಕಳು ಬೆಟ್ಟಕ್ಕೆ ಹೋದಾಗ ಕಂಡ ಕಂಡ ಕೆಂಪು ಹಣ್ಣಿಗೆ ಬಾಯಿ ಹಾಕಬಾರದು. ಆ ಊರಿನ ಬಲ್ಲವರು ಹೌದೆನ್ನದೆ ಯಾವ ಕಾಡುಹಣ್ಣೂ ಬೇಡ.

ಹೆಪ್ಪು ಕರಗಿದ ಒಂದು ರಾಸ್ಪ್‌ಬೆರಿಯನ್ನು ಅಂಗೈ ಮೇಲಿಟ್ಟು ನೋಡಿ. ಹೆಸರಿನಲ್ಲಿ ಬೆರಿ ಇದ್ದರೂ ಸಸ್ಯಶಾಸ್ತ್ರದವರ ಲೆಕ್ಕದಲ್ಲಿ ಇದು ಬೆರಿ ಅಲ್ಲ. ಒಂದೇ ಹೂವಿನ ಹಲವು ಅಂಡಾಶಯಗಳು ಒಂದೊಂದೂ ಪುಟ್ಟ ಹಣ್ಣಾಗಿ, ಎಲ್ಲವೂ ಒಟ್ಟಿಗೆ ಅಂಟಿಕೊಂಡ ಗೊಂಚಲು ಇದು. ಪ್ರತಿ ಮಣಿಯೊಳಗೂ ಒಂದು ಗಟ್ಟಿ ಬೀಜ. ಕೀಳುವಾಗ ನಡುವಿನ ತೊಟ್ಟು ಗಿಡದಲ್ಲೇ ಉಳಿಯುವುದರಿಂದ ಹಣ್ಣು ಟೊಪ್ಪಿಗೆಯಂತೆ ಟೊಳ್ಳು. ನಿಜವಾದ ಬೆರಿ ಯಾವುದೆಂದರೆ ದ್ರಾಕ್ಷಿ, ಟೊಮೆಟೊ, ಕೊನೆಗೆ ನಮ್ಮ ಬಾಳೆಹಣ್ಣು.

ಮೊದಲು ರಸ ಮಾಡಿಕೊಳ್ಳಬೇಕು, ಏಕೆಂದರೆ ಅದು ಪೂರಾ ಆರಬೇಕು. ಸ್ಟೀಲ್ ಪಾತ್ರೆಯಲ್ಲಿ ಹಣ್ಣು, ಸಕ್ಕರೆ ಹಾಕಿ ಸಣ್ಣ ಉರಿಯಲ್ಲಿ ಐದಾರು ನಿಮಿಷ ಕಾಯಿಸಿ. ಹಣ್ಣು ತಾನೇ ನೀರು ಬಿಡುತ್ತದೆ, ಬೇರೆ ನೀರು ಬೇಡ. ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿ ಅದರೊಡನೆ ಸೇರಿ ಬಣ್ಣವೂ ರುಚಿಯೂ ಕೆಡುತ್ತವೆ. ಕೆಳಗಿಳಿಸಿ, ಟೀ ಸೋಸುವ ಜರಡಿಯಲ್ಲಿ ಚಮಚದಿಂದ ಒತ್ತಿ ಸೋಸಿ ಬೀಜ ತೆಗೆಯಿರಿ. ಈಗ ಒಂದು ಚಮಚ ನಿಂಬೆರಸ ಹಾಕಿದಾಗ ಬಣ್ಣ ಹೇಗೆ ಉಜ್ವಲವಾಗುತ್ತದೆ ನೋಡಿ. ಕೆಂಪಿಗೆ ಕಾರಣವಾದ ಆಂಥೊಸಯನಿನ್ ಹುಳಿಯಲ್ಲಿ ಕೆಂಪು, ಕ್ಷಾರದಲ್ಲಿ ನೀಲಿಯ ಕಡೆಗೆ ತಿರುಗುತ್ತದೆ. ದಾಸವಾಳದ ಹೂವಿನ ಸಾರದಲ್ಲಿ ಶಾಲೆಯಲ್ಲಿ ಮಾಡುವ ಪರೀಕ್ಷೆಯೂ ಇದೇ. ಒಂದು ಹನಿ ರಸವನ್ನು ತಟ್ಟೆಯಲ್ಲಿ ಬೇರೆ ಇಟ್ಟು ಚಿಟಿಕೆ ಅಡುಗೆ ಸೋಡಾ ಉದುರಿಸಿ ನೋಡಬಹುದು. ಅದನ್ನು ತಿನ್ನುವುದಲ್ಲ.

ರಸ ಫ್ರಿಜ್ಜಿಗೆ ಹೋದ ಮೇಲೆ ನಿಂಬೆಯ ಕೆಲಸ. ಹಣ್ಣನ್ನು ಚೆನ್ನಾಗಿ ತೊಳೆದು ಒರೆಸಿ, ಹಿಂಡುವ ಮೊದಲೇ ಮೇಲುಸಿಪ್ಪೆ ತುರಿಯಿರಿ. ನಮ್ಮ ನಿಂಬೆಯ ಸಿಪ್ಪೆ ಕಾಗದದಷ್ಟು ತೆಳು. ತುರಿಮಣೆಯ ಸಣ್ಣ ಹಲ್ಲಿನ ಮೇಲೆ ಎರಡು ಸಲ ಹಗುರಾಗಿ ಉಜ್ಜಿದರೆ ಮುಗಿಯಿತು. ಬಿಳಿ ಭಾಗ ಬಂದರೆ ಕಹಿ. ಬೋಗುಣಿಯಲ್ಲಿ ಕಂಡೆನ್ಸ್‌ಡ್ ಮಿಲ್ಕ್, ತುರಿ, ಉಪ್ಪು ಸೇರಿಸಿ ನಿಂಬೆರಸವನ್ನು ಸ್ವಲ್ಪ ಸ್ವಲ್ಪವಾಗಿ ಹಾಕುತ್ತ ಕಲಸಿ. ಒಂದೆರಡು ನಿಮಿಷದಲ್ಲಿ ಅದು ಗಟ್ಟಿ ಮೊಸರಿನ ಹದಕ್ಕೆ ಬರುತ್ತದೆ. ಮಕ್ಕಳನ್ನು ಕರೆದು ತೋರಿಸಬೇಕಾದ ಗಳಿಗೆ ಇದು.

ಇನ್ನು ಕ್ರೀಮು. ಕೆಡುವುದಿದ್ದರೆ ಇಲ್ಲೇ ಕೆಡುತ್ತದೆ, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ. ಅಂಗಡಿಯಲ್ಲಿ ‘ಫ್ರೆಶ್ ಕ್ರೀಮ್’ ಎಂದು ಸಿಗುವ ಚಿಕ್ಕ ಪೊಟ್ಟಣಗಳಲ್ಲಿ ಸಾಮಾನ್ಯವಾಗಿ ಕೊಬ್ಬಿನ ಅಂಶ ಶೇಕಡಾ 25ರ ಆಸುಪಾಸು. ಅದು ಪಲ್ಯಕ್ಕೆ, ಹಣ್ಣಿನ ಹೋಳಿಗೆ ಚೆಂದ. ಎಷ್ಟು ಕಡೆದರೂ ನೊರೆ ನಿಲ್ಲುವುದಿಲ್ಲ. ನಿಲ್ಲಬೇಕಾದರೆ ಶೇಕಡಾ 30ಕ್ಕೆ ಕಡಿಮೆ ಇರಬಾರದು, 35 ಇದ್ದರೆ ನಿಶ್ಚಿಂತೆ. ‘ವಿಪ್ಪಿಂಗ್ ಕ್ರೀಮ್’ ಎಂದು ಬರೆದಿರುವುದನ್ನು ಹುಡುಕಿ, ಹಿಂಬದಿಯ ಸಣ್ಣ ಅಕ್ಷರ ಓದಿ. ಬೇಕರಿಯವರು ಬಳಸುವ ತರಕಾರಿ ಎಣ್ಣೆಯ ಟಾಪಿಂಗ್ ಕೂಡ ಹೆಸರಿನಲ್ಲಿ ಕ್ರೀಮೇ. ಅದು ಬೇಗ ನೊರೆಯಾಗುತ್ತದೆ, ಬಿಸಿಲಿಗೂ ಜಗ್ಗುವುದಿಲ್ಲ, ಆದರೆ ಬಾಯಲ್ಲಿ ಮೇಣದ ಪದರ ಉಳಿದಂತಾಗುತ್ತದೆ. ಅದನ್ನೇ ಬಳಸುವುದಾದರೆ ಅದರಲ್ಲಿ ಸಕ್ಕರೆ ಮೊದಲೇ ಇರುವುದರಿಂದ ಕಂಡೆನ್ಸ್‌ಡ್ ಮಿಲ್ಕ್ 150 ಗ್ರಾಮಿಗೆ ಇಳಿಸಿ. ಮನೆಯ ಕಾಯಿಸಿದ ಹಾಲಿನ ಕೆನೆ ಈ ಕೆಲಸಕ್ಕೆ ಬರುವುದಿಲ್ಲ. ಅದು ನೊರೆಯಾಗುವ ಮೊದಲೇ ಬೆಣ್ಣೆಯಾಗುತ್ತದೆ.

ಬೆಣ್ಣೆಯ ಮಾತು ಬಂದದ್ದು ಒಳ್ಳೆಯದೇ ಆಯಿತು. ಕಡೆದ ಕ್ರೀಮು ಎಂದರೆ ಅರ್ಧಕ್ಕೆ ನಿಲ್ಲಿಸಿದ ಬೆಣ್ಣೆ. ಕಡೆಯುವಾಗ ಕೊಬ್ಬಿನ ಕಣಗಳ ಹೊರಪೊರೆ ಹರಿದು ಅವು ಪರಸ್ಪರ ಅಂಟಿ, ಗಾಳಿಯ ಗುಳ್ಳೆಯ ಸುತ್ತ ಗೋಡೆ ಕಟ್ಟುತ್ತವೆ. ಇನ್ನೂ ಕಡೆದರೆ ಗೋಡೆ ಒಡೆದು ಕೊಬ್ಬು ಒಂದು ಕಡೆ, ನೀರು ಒಂದು ಕಡೆ. ಕೊಬ್ಬು ತಣ್ಣಗೆ ಗಟ್ಟಿಯಾಗಿದ್ದರೆ ಮಾತ್ರ ಗೋಡೆ ನಿಲ್ಲುತ್ತದೆ. ನಮ್ಮ ಅಜ್ಜಿಯಂದಿರು ಬೆಳಗಿನ ತಂಪಿನಲ್ಲೇ ಮೊಸರು ಕಡೆಯುತ್ತಿದ್ದುದು, ಬೇಸಿಗೆಯಲ್ಲಿ ಕೊಡದ ತಣ್ಣೀರು ಹೊಯ್ಯುತ್ತಿದ್ದುದು ಇದೇ ಕೊಬ್ಬಿನ ಸ್ವಭಾವ ಬಲ್ಲವರಾಗಿ.

ಆದ್ದರಿಂದ ಕ್ರೀಮು ಹಿಂದಿನ ರಾತ್ರಿಯಿಂದಲೇ ಫ್ರಿಜ್ಜಿನಲ್ಲಿರಲಿ. ಸ್ಟೀಲ್ ಬೋಗುಣಿ, ಕಡೆಯುವ ಸಾಧನ ಎರಡನ್ನೂ ಕಾಲು ಗಂಟೆ ಫ್ರೀಜರಿನಲ್ಲಿಡಿ. ದೊಡ್ಡ ಪಾತ್ರೆಯಲ್ಲಿ ಮಂಜುಗಡ್ಡೆ ಹಾಕಿ ಅದರ ಮೇಲೆ ಬೋಗುಣಿ ಇಟ್ಟು ಕಡೆಯಿರಿ. ತಂತಿಯ ಕೈಗಡಗೋಲಾದರೆ ಎಂಟು ಹತ್ತು ನಿಮಿಷ, ವಿದ್ಯುತ್ ಬೀಟರ್ ಆದರೆ ಮೂರು ನಾಲ್ಕು. ಮಿಕ್ಸಿ ಬೇಡ, ಬಿಸಿಯಾಗುತ್ತದೆ, ಕಣ್ಣು ಮಿಟುಕಿಸುವುದರೊಳಗೆ ಬೆಣ್ಣೆ. ಕಡೆಗೋಲು ಎತ್ತಿದಾಗ ಕ್ರೀಮಿನ ತುದಿ ಎದ್ದು, ಮೆಲ್ಲಗೆ ಬಾಗಿದರೆ ಅದೇ ಹದ. ಅಲ್ಲಿಗೆ ನಿಲ್ಲಿಸಿ. ಇನ್ನೊಂದು ಸುತ್ತು ಎಂಬ ಆಸೆ ಬೇಡ.

ನಿಂಬೆಯ ಮಿಶ್ರಣಕ್ಕೆ ಮೊದಲು ಮೂರನೇ ಒಂದು ಪಾಲು ಕ್ರೀಮು ಹಾಕಿ ಕಲಸಿ ಸಡಿಲ ಮಾಡಿಕೊಳ್ಳಿ. ಉಳಿದದ್ದನ್ನು ಅಗಲ ಚಮಚದಿಂದ ಕೆಳಗಿನಿಂದ ಮೇಲಕ್ಕೆ ಮಗುಚುತ್ತ ಸೇರಿಸಿ; ಚಿತ್ರಾನ್ನ ಕಲಸುವಾಗ ಅಗುಳು ಮುರಿಯದಂತೆ ಕೈಯಾಡಿಸುತ್ತೀರಲ್ಲ, ಹಾಗೆ. ಬಟ್ಟಲಿನ ತಳಕ್ಕೆ ಒಂದು ಚಮಚ ಕೆಂಪು ರಸ, ಮೇಲೆ ಮೂಸ್, ಮುಚ್ಚಿ ನಾಲ್ಕು ಗಂಟೆ ಫ್ರಿಜ್ಜಿನಲ್ಲಿ. ಬೇಗ ಆಗಲೆಂದು ಫ್ರೀಜರಿಗೆ ತಳ್ಳುವ ಮಕ್ಕಳಿದ್ದಾರೆ. ಅಲ್ಲಿ ನೀರು ಹರಳುಗಟ್ಟಿ ಬಲೆ ಹರಿಯುತ್ತದೆ, ಹೊರಗೆ ತೆಗೆದಾಗ ನೀರು ಒಸರುತ್ತದೆ. ಕೊಡುವ ಹೊತ್ತಿಗೆ ಉಳಿದ ರಸವನ್ನು ಮೇಲೆ ಹೊಯ್ಯಿರಿ.

ಕ್ರೀಮೇ ಸಿಗದ ಊರಿನವರು ಬೇಸರಿಸಬೇಕಿಲ್ಲ. ಒಂದು ಲೀಟರ್ ಗಟ್ಟಿ ಹಾಲಿನ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ, ಫ್ರಿಜ್ಜಿನಲ್ಲೇ ಜರಡಿಯ ಮೇಲಿಟ್ಟು ರಾತ್ರಿಯಿಡೀ ನೀರು ಇಳಿಸಿ, ನುಣ್ಣಗೆ ಕಡೆದು ಕ್ರೀಮಿನ ಬದಲು ಸೇರಿಸಿ. ನಿಂಬೆರಸ ಅರ್ಧ ಮಾಡಿ. ನೊರೆಯ ಹಗುರ ಬರುವುದಿಲ್ಲ. ಅದನ್ನು ಮೂಸ್ ಎಂದು ಕರೆಯಲು ನನಗೆ ಮನಸ್ಸಿಲ್ಲ, ನಿಂಬೆಯ ಶ್ರೀಖಂಡ ಎಂದರೆ ಸರಿ. ರುಚಿಯಲ್ಲಿ ಅದು ಯಾವುದಕ್ಕೂ ಕಡಿಮೆಯಲ್ಲ.

ಮೇಲೆ ರಸದ ಬದಲು ಕೆಂಪು ಜೆಲ್ಲಿಯ ಹೊಳೆಯುವ ಪದರ ಬೇಕೆನ್ನುವವರಿಗೆ ಚೈನಾಗ್ರಾಸ್ ಇದೆ. ಇದು ಕೆಂಪು ಕಡಲಪಾಚಿಯಿಂದ ತೆಗೆದ ಅಗರ್. ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಕರಾವಳಿಯಲ್ಲಿ ಹೆಂಗಸರು ಕಡಲಿಗಿಳಿದು, ಮುಳುಗಿ ಈ ಪಾಚಿ ಕಿತ್ತು ತಂದು ಜೀವನ ಮಾಡುತ್ತಾರೆ. ಅರ್ಧ ಚಿಕ್ಕ ಚಮಚ ಅಗರ್ ಪುಡಿಯನ್ನು ಅರ್ಧ ಲೋಟ ನೀರಿನಲ್ಲಿ ಎರಡು ನಿಮಿಷ ಕುದಿಸಿ ಪೂರಾ ಕರಗಿಸಿ, ಒಲೆಯಿಂದ ಇಳಿಸಿದ ಮೇಲೆ ಅರ್ಧ ಲೋಟ ಬೆಚ್ಚಗಿನ ಹಣ್ಣಿನ ರಸ ಸೇರಿಸಿ. ಹುಳಿಯೊಡನೆ ಕುದಿಸಿದರೆ ಅಗರ್ ಬಲಗುಂದುತ್ತದೆ. ಹಾಗೆಂದು ತಣ್ಣನೆಯ ರಸ ಸುರಿದರೆ ಅಲ್ಲಲ್ಲೇ ಗಂಟಾಗುತ್ತದೆ. ಕೈಗೆ ಉಗುರುಬೆಚ್ಚಗೆ ಬಂದಾಗ ತೆಳ್ಳಗೆ ಹೊಯ್ಯಿರಿ.

ಈ ಅಗರ್ ಅಡುಗೆಮನೆಯಿಂದ ಪ್ರಯೋಗಶಾಲೆಗೆ ಹೋದ ಕಥೆ ವಿಜ್ಞಾನ ಓದುವ ಮಕ್ಕಳಿಗೆ ಗೊತ್ತಿರಬೇಕು. 1881ರ ಸುಮಾರಿಗೆ ಜರ್ಮನಿಯಲ್ಲಿ ರಾಬರ್ಟ್ ಕಾಖ್ ಅವರ ಬಳಿ ವಾಲ್ಟರ್ ಹೆಸ್ಸೆ ಎಂಬ ವೈದ್ಯರು ಕೆಲಸ ಮಾಡುತ್ತಿದ್ದರು. ಬ್ಯಾಕ್ಟೀರಿಯ ಬೆಳೆಸಲು ಜೆಲಟಿನ್ ಬಳಸಿದರೆ ಬೆಚ್ಚಗಿನ ಹವೆಯಲ್ಲಿ ಅದು ಕರಗಿ ನೀರಾಗುತ್ತಿತ್ತು; ಕೆಲವು ಬ್ಯಾಕ್ಟೀರಿಯಗಳು ಅದನ್ನೇ ತಿಂದುಹಾಕುತ್ತಿದ್ದವು. ಹೆಂಡತಿ ಫ್ಯಾನಿ ಹೆಸ್ಸೆ ಅವರನ್ನು, ನಿನ್ನ ಜೆಲ್ಲಿ ಬೇಸಿಗೆಯಲ್ಲೂ ಹೇಗೆ ನಿಲ್ಲುತ್ತದೆ ಎಂದು ಅವರು ಕೇಳಿದರು. ಆಕೆ ಬಳಸುತ್ತಿದ್ದದ್ದು ಅಗರ್. ಜಾವಾದಲ್ಲಿ ಇದ್ದು ಬಂದ ಪರಿಚಯದವರಿಂದ ಕಲಿತದ್ದು. ಜೆಲಟಿನ್ ಸುಮಾರು 35 ಡಿಗ್ರಿಯಲ್ಲೇ ಕರಗಿದರೆ ಅಗರ್ ಒಮ್ಮೆ ಗಟ್ಟಿಯಾದ ಮೇಲೆ 85 ಡಿಗ್ರಿಯವರೆಗೂ ಜಗ್ಗುವುದಿಲ್ಲ. ಕಾಖ್ 1882ರಲ್ಲಿ ಕ್ಷಯರೋಗದ ಬ್ಯಾಕ್ಟೀರಿಯವನ್ನು ಲೋಕಕ್ಕೆ ತಿಳಿಸಿದ ಬರಹದಲ್ಲಿ ಅಗರ್‌ನ ಹೆಸರಿದೆ, ಫ್ಯಾನಿ ಹೆಸ್ಸೆಯ ಹೆಸರಿಲ್ಲ. ಇಂದಿಗೂ ಆಸ್ಪತ್ರೆಯ ಪ್ರಯೋಗಶಾಲೆಗಳಲ್ಲಿ ಗಾಜಿನ ತಟ್ಟೆಯ ತಳದಲ್ಲಿರುವುದು ಆಕೆಯ ಅಡುಗೆಮನೆಯ ಜೆಲ್ಲಿಯೇ.

ರಜೆಯಲ್ಲಿ ಒಂದು ಪ್ರಯೋಗ ಮಾಡಿ ನೋಡುವಂತಿದೆ. ಜೆಲಟಿನ್ನಿನ ಜೆಲ್ಲಿಗೆ ಹಸಿ ಅನಾನಸ್ ಹೋಳು ಹಾಕಿದರೆ ಅದು ಎಂದಿಗೂ ಗಟ್ಟಿಯಾಗುವುದಿಲ್ಲ. ಹಣ್ಣಿನ ಬ್ರೊಮೆಲೈನ್ ಎಂಬ ಕಿಣ್ವ ಪ್ರೋಟೀನನ್ನು ತುಂಡರಿಸುತ್ತದೆ. ಚೈನಾಗ್ರಾಸ್ ಜೆಲ್ಲಿಗೆ ಹಾಕಿದರೆ ಏನೂ ಆಗುವುದಿಲ್ಲ, ಏಕೆಂದರೆ ಅದು ಪ್ರೋಟೀನಲ್ಲ, ಶರ್ಕರಪಿಷ್ಟದ ಜಾತಿ. ಮನೆಗೆ ಜೆಲಟಿನ್ ತರಲು ಒಪ್ಪದವರು ಶಾಲೆಯ ಮೇಷ್ಟರ ಬಳಿ ಹೇಳಿ ಅಲ್ಲಿ ಮಾಡಿಸಬಹುದು.

ಮೂಸ್ ಎರಡು ದಿನದೊಳಗೆ ಮುಗಿಯಬೇಕು. ಬೇಸಿಗೆಯಲ್ಲಿ ಹೊರಗೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಇಡಬೇಡಿ. ಕರೆಂಟು ಹೋದರೆ ಫ್ರಿಜ್ಜಿನ ಬಾಗಿಲು ತೆಗೆಯದೆ ಬಿಡಿ, ನಾಲ್ಕು ಗಂಟೆ ತಂಪು ಹಿಡಿದುಕೊಂಡಿರುತ್ತದೆ. ಇಣುಕುವ ಮಕ್ಕಳನ್ನು ಆ ಹೊತ್ತಿನಲ್ಲಿ ಮಾತ್ರ ಗದರಿಸಬಹುದು. ಉಳಿದ ರಾಸ್ಪ್‌ಬೆರಿ ರಸಕ್ಕೆ ಸೋಡಾ ಬೆರೆಸಿದರೆ ಒಳ್ಳೆಯ ಷರಬತ್ತು. ಉಳಿದ ಕಂಡೆನ್ಸ್‌ಡ್ ಮಿಲ್ಕ್ ಡಬ್ಬದಲ್ಲೇ ಬಿಡದೆ ಗಾಜಿನ ಬಾಟಲಿಗೆ ಸುರಿದು ಫ್ರಿಜ್ಜಿನಲ್ಲಿಡಿ, ವಾರದೊಳಗೆ ಕಾಫಿಗೆ ಹಾಕಿ ಮುಗಿಸಿ.